ಮಾವನ ಆರಡಿ ಮುಖ

ಘಾನಾದ ಕುಮಾಸಿ ನಗರದ ಫೋಟೋ ಸ್ಟುಡಿಯೋ ಒಂದರಲ್ಲಿ ಪಾಸ್‌ಪೋರ್ಟ್ ಫೋಟೋಗಾಗಿ ಕಾಯುತ್ತ ಕೂತಿದ್ದೆ. ಸತ್ತವರ ಫೋಟೋ ಹಾಕುವ ಶವಸಂಸ್ಕಾರದ ಬ್ಯಾನರ್ ಎಂದರೆ ಊರಿನವರೆಲ್ಲ ಹುಡುಕಿಕೊಂಡು ಬರುವುದು ಈ ಸ್ಟುಡಿಯೋದ ಒಡತಿ ಸೆರ್ವಾಳನ್ನೇ. ಒಬೆಂಗ್ ಎಂಬ ಯುವಕ ಬಂದು ಅವಳೆದುರು ಮೊಬೈಲ್ ಹಿಡಿದ.

"ಅಕ್ಕಾ, ಸೋದರಮಾವಂದು. ಆರಡಿ ಬ್ಯಾನರ್ ಆಗ್ಬೇಕು."

"ಅಯ್ಯೋ, ಹೋಗ್ಬಿಟ್ರಾ? ಕೋಕೋ ತೋಟ ಇನ್ನು ನಿಂದೇ ಬಿಡು, ನಮ್ಮಲ್ಲಿ ಆಸ್ತಿ ಸೋದರಳಿಯನಿಗೇ, ಅವರಕ್ಕನ ಮಗ ಅಂತ ನೀನೊಬ್ನೇ ತಾನೇ."

"ಫೋಟೋ ನೋಡಕ್ಕಾ."

"ಇದು ವಾಟ್ಸಾಪಲ್ಲಿ ಬಂದಿದ್ದು, ಆರುನೂರು ಪಿಕ್ಸೆಲ್ಲೂ ಇಲ್ಲ. ಅಂಗೈಯಗಲ ಪ್ರಿಂಟ್‌ಗೆ ಸಾಕು. ಆರಡಿಗೆ ಎಳೆದ್ರೆ ಮುಖ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತೆ. ಬಂದೋರು ನಂಗೆ ಉಗೀತಾರೆ."

"ಮತ್ತೇನ್ ಮಾಡ್ಲಿ?"

"ಯಾರ ಮೊಬೈಲಲ್ಲಿ ತೆಗೆದ್ರೋ ಅದನ್ನೇ ತಗೊಂಬಾ. ಮೂಲ ಫೋಟೋ ದೊಡ್ಡದಿರುತ್ತೆ."

"ಮಾವಂದೇ ಮೊಬೈಲು. ಕೈಗೇ ಕೊಡಲ್ಲ. ದಿಂಬಿನಡಿ ಇಟ್ಕೊಂಡು ಮಲಗ್ತಾರೆ."

ಸೆರ್ವಾಳ ಕೈ ಮೌಸಿನ ಮೇಲೆ ನಿಂತುಬಿಟ್ಟಿತು.

"ಮಲಗ್ತಾರಾ?"

"ಹೂಂ. ಬೆಳಿಗ್ಗೆ ಎರಡು ಬಟ್ಟಲು ಜೋಳದ ಗಂಜಿ ಕುಡಿದ್ರು."

"ಒಬೆಂಗ್, ಏನೋ ಇದು?"

"ನಿನ್ನ ದೊಡ್ಡ ಕ್ಯಾಮೆರಾದಲ್ಲಿ ತೆಗೆದ್ರೆ ಆರಡಿಗೆ ಬರುತ್ತೆ ತಾನೇ?"

"ಬರುತ್ತೆ..."

"ಹಾಗಾದ್ರೆ ಭಾನುವಾರ ಚರ್ಚು ಮುಗಿಸ್ಕೊಂಡು ಇಲ್ಲಿಗೇ ಕರ್ಕೊಂಬರ್ತೀನಿ. ಹುಟ್ಟುಹಬ್ಬದ ಫೋಟೋ ಅಂತ ಹೇಳಿರ್ತೀನಿ, ನೀನೂ ಹಾಗೇ ಹೇಳು. ಸ್ವಲ್ಪ ನಗಿಸು."

ಅವನು ಬಾಗಿಲವರೆಗೆ ಹೋಗಿ ತಿರುಗಿದ.

"ತಡ ಮಾಡ್ಬೇಡ ಅಕ್ಕಾ. ತಿಂಗಳ ಕೊನೇ ಶನಿವಾರ ಸಂಸ್ಕಾರಕ್ಕೆ ಅಂತ ಶಾಮಿಯಾನ, ಕುರ್ಚಿ ಎಲ್ಲ ಹೇಳ್ಬಿಟ್ಟಿದೀನಿ."