ಅಂಟು ಹಚ್ಚದ ಎಲ್ಬೋ

ಇದು ನಮ್ಮ ಪಕ್ಕದ ಮನೆ ಪ್ಲಂಬರ್‌ಗೇ ಆಗಿದ್ದು. ಪೈಪಣ್ಣ ಅಂತ ಕರೀತೀವಿ. ಸುಳ್ಳು ಅನ್ನಿಸಿದ್ರೆ ಅವನನ್ನೇ ಕೇಳಿ, ಮಾತಾಡಿದ್ರೆ ನಿಮ್ಮ ಪುಣ್ಯ.

ಒಂದು ರಾತ್ರಿ ತನ್ನ ಅಕ್ಕನ ಮನೆ ಬಚ್ಚಲಿಗೆ ಬಿಸಿನೀರಿನ ಪ್ಲಾಸ್ಟಿಕ್ ಪೈಪು ಹಾಕಿ, ಒಬ್ಬನೇ ಮನೆಗೆ ಬರ್ತಿದ್ದ. ಪಾಳುಬಾವಿ ದಾಟಬೇಕು... ಒಳಗಿಂದ ಸದ್ದು.

ಟಕ್.

ಪ್ಲಾಸ್ಟಿಕ್ ಪೈಪಿಗೆ ಬೆರಳಗೆಣ್ಣಲ್ಲಿ ಬಡಿದ ಸದ್ದು. ಅವನ ಜೀವ ಬಾಯಿಗೆ ಬಂತು.

ಯಾಕೆ ಅಂದ್ರೆ, ಮೊದಲು ಅವನೂ ಅಕ್ಕನ ಗಂಡನೂ ಜೋಡಿಯಾಗಿ ಕೆಲಸ ಮಾಡೋರು. ಗೋಡೆ ಈ ಕಡೆ ಇವನು, ಆ ಕಡೆ ಭಾವ. ಪೈಪೆಲ್ಲ ಸುಮ್ಮನೆ ಸಿಕ್ಕಿಸಿ ಅಳತೆ ನೋಡಿ, ಆಮೇಲೆ ಒಂದೊಂದೇ ಬಿಚ್ಚಿ ಅಂಟು ಹಚ್ಚೋರು. ಹಚ್ಚಿದವನು ಎರಡು ಸಲ ಬಡೀಬೇಕು. ಆ ಕಡೆಯವನು ಒಂದು ಸಲ. ಗೊತ್ತಾಯ್ತು ಅಂತ.

ಹೋದ ವರ್ಷ ಯಾರದೋ ಮನೇಲಿ ಪೈಪು ತಿರುಗೋ ಮೂಲೆಗೆ ಹಾಕೋ ಎಲ್ಬೋ ಕಳಚಿ, ಕುದಿಯೋ ನೀರು ಭಾವನ ಮೈಮೇಲೆ ಬಿತ್ತು. ಉಳೀಲಿಲ್ಲ. ಅಂಟು ಹಚ್ಚೋಕೆ ಭಾವನೇ ಮರೆತ ಅಂದ ಪೈಪಣ್ಣ. ಅಕ್ಕನೂ ನಂಬಿದ್ಲು.

ಟಕ್.

ಆಗ ನೆನಪಾಯ್ತು. ಅಕ್ಕನ ಬಚ್ಚಲಲ್ಲಿ ಮಗು ಕೂರೋ ಜಾಗದ ಮೇಲಿನ ಎಲ್ಬೋಗೆ ಅಭ್ಯಾಸದಲ್ಲಿ ಎರಡು ಸಲ ಬಡಿದಿದ್ದ. ಅಂಟು... ಹಚ್ಚಿದ್ನಾ? ಬೆಳಗ್ಗೆ ಬಿಸಿನೀರು ಬಿಡು ಅಂತ ಬೇರೆ ಹೇಳಿ ಬಂದಿದ್ದ.

ಎದ್ದೆನೋ ಬಿದ್ದೆನೋ ಅಂತ ವಾಪಸ್ ಓಡಿದ.

"ಏನೋ ಇದು, ಇಷ್ಟೊತ್ತಲ್ಲಿ?" ಅಂದ್ಲು ಅಕ್ಕ.

"ಮೆಲ್ಲಗೆ ಮಾತಾಡು. ಮಗು ಏಳುತ್ತೆ."

ಬಚ್ಚಲಿಗೆ ಹೋಗಿ ಎಲ್ಬೋ ಎಳೆದ. ಸುಲಭವಾಗಿ ಕೈಗೆ ಬಂತು. ಒಳಗೆ ಅಂಟಿನ ಸುಳಿವೇ ಇಲ್ಲ, ಅಳತೆಗೆ ಎಳೆದ ಪೆನ್ಸಿಲ್ ಗೆರೆ ಹಾಗೇ ಇತ್ತು. ಅಂಟು ಹಚ್ಚಿ, ತಿರುಚಿ, ಒತ್ತಿ ಹಿಡಿದ. ನಾಳೆಯಿಡೀ ನೀರು ಬಿಡಬೇಡ ಅಂದ. ಮತ್ತೆ ಕೈ ತಾನಾಗೇ ಬಡೀತು.

ಟಕ್ ಟಕ್.

ಆ ಕಡೆಯಿಂದ ಏನೂ ಇಲ್ಲ... ನಿಟ್ಟುಸಿರು ಬಿಟ್ಟ.

ಅಕ್ಕ ಬಾಗಿಲಲ್ಲೇ ನಿಂತು ಎಲ್ಲಾ ನೋಡಿದ್ಲು. ಪಿಸುಗುಟ್ಟಿದ್ಲು, "ಆವತ್ತೂ ಹೀಗೇನಾ? ಅಂಟು ಹಚ್ಚದೆ ಬಡಿದಿದ್ದು ನೀನಾ?"

ಗೋಡೆ ಆಚೆಯಿಂದ ಒಂದೇ ಸಲ...

ಟಕ್.

ಅಕ್ಕ ಈಗಲೂ ಅವನ ಜೊತೆ ಮಾತಾಡಲ್ಲ. ಆ ಬಚ್ಚಲು ನಾನೇ ಹೋಗಿ ನೋಡಿದೀನಿ, ಆಣೆ ಇಟ್ಟು ಹೇಳ್ತೀನಿ. ಅದು ಮೂರನೇ ಮಹಡಿ. ಗೋಡೆ ಆಚೆ ನಿಲ್ಲೋಕೆ ಜಾಗನೇ ಇಲ್ಲ.