ಪೆಟ್ಟಿಗೆಯೊಳಗೆ ಹೋದ ಹೆಸರುಗಳು

ಶ್ರೀಮಂತನೊಬ್ಬನಿದ್ದ, ಪ್ರಿಯರೇ. ಯಾವ ಊರು ಎಂದು ಕೇಳಬೇಡಿ. ಹೇಳಿದರೆ ತಪ್ಪನ್ನೆಲ್ಲ ಆ ಊರಿನವರ ತಲೆಗೆ ಕಟ್ಟಿ ನೀವು ಆರಾಮಾಗಿ ಕೂತುಬಿಡುತ್ತೀರಿ. ಮರ ಕೊಯ್ಯುವ ಮಿಲ್ಲಿನ ಒಡೆಯ. ಕೆಟ್ಟವನೇನಲ್ಲ. ಭಾನುವಾರ ತಪ್ಪದೆ ದೇವಾಲಯಕ್ಕೆ ಬರುತ್ತಿದ್ದ, ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಉಪದೇಶ ಉದ್ದವಾದರೆ ಕೈಗಡಿಯಾರ ನೋಡುತ್ತಿದ್ದ. ನೋಡಿ, ಈಗ ಯಾರ್ಯಾರು ಕೈ ಕೆಳಗಿಳಿಸಿದಿರಿ ಎನ್ನುವುದು ನನಗೆ ಇಲ್ಲಿಂದ ಕಾಣುತ್ತದೆ.

ಅವನ ತಾಯಿ ಹರೆಯದಲ್ಲಿ ರಂಗೂನಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿ ಬಾಂಬು ಬಿದ್ದಾಗ ಕಾಡು ಬೆಟ್ಟ ದಾಟಿ ನಡೆದು ಬಂದವಳು. ‘ನಮ್ಮವ್ವ ಬರ್ಮಾದಿಂದ ನಡಕೊಂಡು ಬಂದಾಳ’ ಎಂಬುದಷ್ಟೇ ಮಗನಿಗೆ ಗೊತ್ತಿತ್ತು. ನೆಂಟರ ಮುಂದೆ ಹೇಳಿಕೊಳ್ಳಲು ಅಷ್ಟು ಸಾಕಾಗಿತ್ತು. ಹೇಗೆ ಬಂದಳು? ಯಾರನ್ನು ಕರೆತಂದಳು? ದಾರಿಯಲ್ಲಿ ಏನು ತಿಂದಳು? ಕೇಳಿದ್ದನೇ? ಇಲ್ಲ.

ಆಕೆಯ ಹತ್ತಿರ ಒಂದು ಪ್ರಾರ್ಥನೆ ಪುಸ್ತಕವಿತ್ತು. ನಮ್ಮ ಮನೆಗಳ ರೂಢಿ ನಿಮಗೆ ಗೊತ್ತೇ ಇದೆ. ಯಾರು ಹುಟ್ಟಿದರು, ಯಾರಿಗೆ ದೀಕ್ಷಾಸ್ನಾನವಾಯಿತು, ಯಾರು ತೀರಿಕೊಂಡರು, ಎಲ್ಲವನ್ನೂ ಕೊನೆಯ ಖಾಲಿ ಹಾಳೆಗಳಲ್ಲಿ ಬರೆದಿಡುತ್ತೇವೆ. ಆಕೆಯೂ ಬರೆದಿದ್ದಳು. ಮುಪ್ಪಿನಲ್ಲಿ ಕಣ್ಣು ಮಂಜಾದ ಮೇಲೆ ಆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಮಗ ಹೊರಬೀಳುವುದನ್ನೇ ಕಾಯುತ್ತಿದ್ದಳು.

“ಮಗಾ, ಈ ಹಿಂದಿನ ಹಾಳಿ ಒಮ್ಮೆ ಓದು. ನಾ ಕರಕೊಂಡು ಬಂದ ಕೂಸುಗಳ ಹೆಸರು ಅದಾವ. ಅವರ ಅಪ್ಪ ಅವ್ವಂದಿರ ಹೆಸರೂ ಅದಾವ. ಇವತ್ತಿಲ್ಲ ನಾಳೆ ಯಾರರ ಕೇಳ್ಕೋತ ಬರ್ತಾರ.”

“ಆತು ಬೇ, ಓದತೀನಿ. ಮಿಲ್ಲಿಗೆ ಲೋಡು ಬಂದೈತಿ.”

“ಓದದಿದ್ರೂ ಇರ್ಲಿ. ಬ್ಯಾರೆ ಕಾಗದದಾಗ ಇಳಿಸಿ ಇಡು, ಸಾಕು.”

“ಆತು ಅಂದ್ನೆಲ್ಲ ಬೇ!”

ಹೀಗೆ ಎಷ್ಟು ವರ್ಷ? ಏಳು ವರ್ಷ. ಏಳು ವರ್ಷ ಲೋಡು ಬರುತ್ತಲೇ ಇತ್ತು. ಎಂಟನೆಯ ವರ್ಷ ತಾಯಿ ಕೇಳುವುದನ್ನು ಬಿಟ್ಟಳು. ಮಗ ‘ಸದ್ಯ’ ಅಂದುಕೊಂಡ. ಆ ಚಳಿಗಾಲ ಆಕೆ ತೀರಿಕೊಂಡಳು.

ಮಗ ಅತ್ತ, ನಿಜವಾಗಿಯೂ ಅತ್ತ. ತನ್ನ ಮಿಲ್ಲಿನ ಹಳೆಯ ಸಾಗವಾನಿಯನ್ನೇ ಆರಿಸಿ ಪೆಟ್ಟಿಗೆ ಮಾಡಿಸಿದ. ಮುಚ್ಚುವ ಹೊತ್ತಿಗೆ ಆ ಪುಸ್ತಕವನ್ನು ತಂದು ತಾಯಿಯ ಎರಡೂ ಕೈಗಳ ಕೆಳಗಿಟ್ಟು, “ನಮ್ಮವ್ವನ ಜೀವಾನೇ ಇದರಾಗಿತ್ತು. ಆಕಿ ಕೂಡನ ಹೋಗ್ಲಿ” ಅಂದ. ಇದೂ ನಮ್ಮ ರೂಢಿಯೇ ಅಲ್ಲವೇ? ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಎಂಥ ಮಗ ಎಂದರು. ಪ್ರಾರ್ಥನೆ ನಡೆಸಿ ಪಕ್ಕದಲ್ಲೇ ನಿಂತಿದ್ದ ಸಭಾಪಾಲಕ ಕೂಡ ಮೆಚ್ಚಿ ತಲೆಯಾಡಿಸಿದ. ಅಷ್ಟು ಜನರಲ್ಲಿ ಒಬ್ಬರಾದರೂ ಕೊನೆಯ ಹಾಳೆ ತಿರುವಿ ನೋಡಿದರೇ? ಇಲ್ಲ. ಒಬ್ಬರಾದರೂ ‘ತಡೀರಿ’ ಅಂದರೇ? ಇಲ್ಲ. ಮೊಳೆ ಹೊಡೆದರು, ಇಳಿಸಿದರು, ಮಣ್ಣು ಹಾಕಿದರು.

ಎರಡು ಮಳೆಗಾಲ ಕಳೆದವು. ಒಂದು ಮಧ್ಯಾಹ್ನ ಅವನ ಮನೆಯ ಬಾಗಿಲಿಗೆ ಅರವತ್ತರ ಹತ್ತಿರದ ಹೆಂಗಸೊಬ್ಬಳು ಬಂದಳು. ಅನಾಥಾಶ್ರಮದಲ್ಲಿ ಬೆಳೆದು, ರಾಯಚೂರಿನ ಕಡೆ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಆಶ್ರಮ ಮುಚ್ಚುವಾಗ ಹಳೆಯ ದಫ್ತರದಿಂದ ಆಕೆಗೆ ಸೇರಿದ ಒಂದು ಹಾಳೆಯನ್ನು ಕಳಿಸಿಕೊಟ್ಟಿದ್ದರಂತೆ. ಅದನ್ನು ಅವನ ಕೈಗಿಟ್ಟಳು. ಅವನು ನಿಂತಲ್ಲೇ ಓದಿದ.

ಹೆಣ್ಣು ಕೂಸು. ವಯಸ್ಸು ಸುಮಾರು ಒಂದು ವರ್ಷ. ಹೆಸರು ತಿಳಿಯದು. ತಾಯ್ತಂದೆ ಸತ್ತ ಒಂಬತ್ತು ಮಕ್ಕಳನ್ನು ಒಬ್ಬ ನರ್ಸ್ ಬರ್ಮಾದಿಂದ ಬೆಟ್ಟ ದಾಟಿಸಿ ತಂದಿದ್ದಾಳೆ. ಈ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ಒಂಬತ್ತೂ ಮಕ್ಕಳು ಲಾರಿ ಹತ್ತುವ ತನಕ ತಾನು ಹತ್ತಲಿಲ್ಲ. ಈಗ ಜ್ವರದಿಂದ ಎಚ್ಚರವಿಲ್ಲ, ಬೇರೆ ಆಸ್ಪತ್ರೆಗೆ ಸಾಗಿಸಿದ್ದಾರೆ. ಮಕ್ಕಳ ಹೆಸರುಗಳು ಆಕೆಯ ಜೊತೆಯೇ ಹೋದ ಪ್ರಾರ್ಥನೆ ಪುಸ್ತಕದಲ್ಲಿವೆ.

ಕೆಳಗೆ ಆ ನರ್ಸಿನ ಹೆಸರು. ಅವನ ಊರಿನ ಹೆಸರು.

ಒಂಬತ್ತು ಮಕ್ಕಳು! ಐವತ್ತು ವರ್ಷ ಒಂದೇ ಸೂರಿನ ಕೆಳಗೆ ಉಂಡು ಮಲಗಿದ ತಾಯಿಯನ್ನು ಅವನು ಅಪರಿಚಿತಳೊಬ್ಬಳ ಕೈಯ ಹಾಳೆಯಿಂದ ತಿಳಿದುಕೊಂಡ. ಓದಿ ಮುಗಿಸಿದರೂ ತಲೆ ಎತ್ತಲು ಅವನಿಗೆ ಧೈರ್ಯ ಬರಲಿಲ್ಲ, ಯಾಕೆಂದರೆ ಮುಂದಿನ ಮಾತು ಏನೆಂದು ಅವನಿಗೆ ಗೊತ್ತಿತ್ತು.

“ಅಣ್ಣಾರ, ಆ ಪುಸ್ತಕ ಐತೇನ್ರಿ?” ಎಂದಳು. “ನನಗ ಮತ್ತೇನೂ ಬ್ಯಾಡ್ರಿ. ನಮ್ಮಪ್ಪ ಅವ್ವನ ಹೆಸರು ನೋಡಬೇಕಾಗೇತಿ. ಅವರು ನನ್ನ ಏನಂತ ಕರೀತಿದ್ರು ಅಂತ ತಿಳೀಬೇಕಾಗೇತಿ. ಈಗಿರೋದು ಆಶ್ರಮದವರು ಇಟ್ಟ ಹೆಸರ್ರಿ.”

ಪುಸ್ತಕ ತಾಯಿಯ ಜೊತೆ ಮಣ್ಣಿಗೆ ಹೋದದ್ದನ್ನು ಅವನು ಬಾಗಿಲಲ್ಲೇ ಹೇಳಿದ. ಮುಚ್ಚಿಡಲಿಲ್ಲ, ಅಷ್ಟು ಮಾತ್ರ ಒಳ್ಳೆಯತನ ಅವನಲ್ಲಿ ಉಳಿದಿತ್ತು.

ಆದರೂ ಒಂದು ಆಸೆ ಬಿಡಲಿಲ್ಲ. ಸಾಗವಾನಿ ಪೆಟ್ಟಿಗೆಯಲ್ಲವೇ, ಉಳಿದಿರಬಹುದು ಅಂದುಕೊಂಡ. ಗುಂಡಿ ತೋಡುವ ಮುದುಕ ಮೊದಲೇ ಹೇಳಿದ: “ಧಣ್ಯಾರ, ಇದು ಎರಿ ಮಣ್ಣು. ನೀರು ಹಿಡಕೊಂಡ್ರ ಬಿಡಂಗಿಲ್ರಿ. ಹಲಗಿ ಉಳದೀತು, ಕಾಗದ ಉಳಿಯಂಗಿಲ್ರಿ.” ಅವನು ಕೇಳಲಿಲ್ಲ. ಸಭೆಯ ಅಪ್ಪಣೆ ತಂದ, ಸರ್ಕಾರದ ಪರವಾನಗಿ ತಂದ. ಒಂದು ಬೆಳಿಗ್ಗೆ ಅಗೆಸಿದ.

ಹಲಗೆ ಗಟ್ಟಿಯಾಗಿತ್ತು, ಪ್ರಿಯರೇ. ಅವನ ಮಿಲ್ಲಿನ ಮರ ಮೋಸ ಮಾಡಲಿಲ್ಲ. ಒಳಗೆ ನೀರಿತ್ತು. ತಾಯಿಯ ಕೈಗಳಿದ್ದ ಜಾಗದಲ್ಲಿ ಕಪ್ಪು ಮುದ್ದೆಯೊಂದಿತ್ತು. ಬಿಡಿಸಲು ಹೋದರೆ ಹಾಳೆ ಬರಲಿಲ್ಲ, ನೆಂದ ಹಿಟ್ಟು ಬಂದಂತೆ ಬಂತು. ಕೊನೆಯ ಕಡೆ ಸ್ವಲ್ಪ ನೀಲಿ ಬಣ್ಣವಿತ್ತು. ಅದು ಶಾಯಿ. ಅಕ್ಷರ ಒಂದೂ ಇರಲಿಲ್ಲ. ಅವನು ಎರಡೂ ಕೈಯಲ್ಲಿ ಅದನ್ನು ಹಿಡಿದು, ಒಂದಾದರೂ ಅಕ್ಷರ ಸಿಕ್ಕೀತೇನೋ ಎಂದು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದ.

ಆ ಹೆಂಗಸು ಅವನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಸೆರಗೊಡ್ಡಿ ಆ ಮುದ್ದೆಯನ್ನು ಇಸಿದುಕೊಂಡಳು. ಕೂಸನ್ನು ಹಿಡಿದ ಹಾಗೆ ಹಿಡಿದುಕೊಂಡಳು.

“ಇದರಾಗ ಅದಾರ್ರಿ ನಮ್ಮಪ್ಪ ಅವ್ವ” ಎಂದಳು. ಆಮೇಲೆ ಬಗ್ಗಿ ಅದನ್ನು ಆ ತಾಯಿಯ ಎದೆಯ ಮೇಲೆ ವಾಪಸು ಇಟ್ಟಳು. “ಮುಚ್ರಿ.”

ಅವನ ಮನೆಯಲ್ಲಿ ಈಗ ಹೊಸ ಪುಸ್ತಕವಿದೆ, ಚಿನ್ನದಂಚಿನದು. ಅದರ ಕೊನೆಯ ಹಾಳೆಯಲ್ಲಿ ಅವನ ಕೈಬರಹದ ಒಂದೇ ಸಾಲಿದೆ: ‘ನಮ್ಮ ತಾಯಿ ಒಂಬತ್ತು ಮಕ್ಕಳನ್ನು ಉಳಿಸಿದಳು. ಹೆಸರು ಗೊತ್ತಿಲ್ಲ.’ ಉಳಿದ ಎಂಟು ಮಂದಿ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಗೇಟು ಸದ್ದಾದಾಗಲೆಲ್ಲ ಅವನು ಬೆಚ್ಚುತ್ತಾನೆ.

ಈ ಕಥೆಗೆ ಸಮಾಧಾನದ ಮಾತು ಸೇರಿಸಿ ಎಂದು ನನ್ನನ್ನು ಕೇಳಬೇಡಿ. ನನ್ನ ಹತ್ತಿರ ಇಲ್ಲ. ಆ ದಿನ ತಲೆಯಾಡಿಸಿದ ಸಭಾಪಾಲಕ ಯಾರು ಎಂದು ಕೆಲವರು ಯೋಚಿಸುತ್ತಿದ್ದೀರಿ. ಅವನ ಮುಖವನ್ನು ನಾನು ದಿನಾ ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುವಾಗ ಕನ್ನಡಿಯಲ್ಲಿ ನೋಡುತ್ತೇನೆ.

ನೋಡಿ, ದಂಡನಾಯಕರ ಹೆಸರು ಕಲ್ಲಿನಲ್ಲಿ ಕೊರೆದಿರುತ್ತದೆ, ಅವರ ಚಿಂತೆ ನಿಮಗೆ ಬೇಡ. ಸ್ಟ್ರೆಚರ್ ಹೊತ್ತವನ, ಅನ್ನ ಬೇಯಿಸಿ ಹಾಕಿದವನ, ಕಂಡವರ ಕೂಸನ್ನು ಬೆನ್ನಿಗೆ ಕಟ್ಟಿಕೊಂಡವಳ ಹೆಸರು ಎಲ್ಲಿರುತ್ತದೆ? ನಿಮ್ಮ ಕಪಾಟಿನಲ್ಲಿ, ನೀವು ಧೂಳು ಮಾತ್ರ ಹೊಡೆಯುವ ಆ ಪುಸ್ತಕದ ಕೊನೆಯಲ್ಲಿ. ಅಲ್ಲೂ ಇಲ್ಲದಿದ್ದರೆ, ನಿಮ್ಮ ಪಡಸಾಲೆಯಲ್ಲಿ ಕೂತು ‘ಮಗಾ, ಒಮ್ಮೆ ಕೇಳು’ ಅನ್ನುತ್ತಿರುವ ಆ ಒಂದು ಬಾಯಿಯಲ್ಲಿ.

ಇವತ್ತು ಮನೆಗೆ ಹೋಗಿ ಊಟಕ್ಕೆ ಕೂರುವ ಮೊದಲು ಆ ಪುಸ್ತಕ ಇಳಿಸಿ. ಕೊನೆಯ ಹಾಳೆಯನ್ನು ಗಟ್ಟಿಯಾಗಿ ಓದಿ, ಮನೆಮಂದಿಯೆಲ್ಲ ಕೇಳಲಿ. ಹಿರಿಯರ ಕಾಲ ಬುಡದಲ್ಲಿ ಕೂತು, ಯಾರನ್ನು ಉಳಿಸಿದಿರಿ, ಅವರ ಹೆಸರೇನು ಎಂದು ಕೇಳಿ ಬರೆದುಕೊಳ್ಳಿ. ಅದರ ಇನ್ನೊಂದು ಪ್ರತಿ ಮಾಡಿ ಮುಂದಿನ ಭಾನುವಾರ ನನಗೆ ತಂದುಕೊಡಿ, ದೇವಾಲಯದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತೇನೆ. ಇನ್ನು ಮೇಲೆ ನಿಮ್ಮ ಮನೆಯ ಪೆಟ್ಟಿಗೆ ಮುಚ್ಚುವಾಗ, ಸತ್ತವರ ಕೈಯಲ್ಲಿ ಪುಸ್ತಕ ಕಂಡರೆ ನಾನು ತಲೆಯಾಡಿಸುವುದಿಲ್ಲ. ಎಲ್ಲರ ಎದುರಿಗೇ ಅದನ್ನು ಕೈಯಿಂದ ಬಿಡಿಸಿಕೊಂಡು, ಓದಿದ್ದೀರಾ ಎಂದು ಕೇಳುತ್ತೇನೆ. ಓದಿಲ್ಲವಾದರೆ, ನೀವು ಓದಿ ಮುಗಿಸುವ ತನಕ ಮೊಳೆ ಹೊಡೆಯಲು ಬಿಡುವುದಿಲ್ಲ.