ಒಗೆಯದೆ ಇಟ್ಟ ಜರ್ಸಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಕ್ಯಾಪ್ಟನ್ನರೇ, ಊಟದ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ಇಪ್ಪತ್ತೆಂಟು ವರ್ಷ ಈ ಫುಟ್‌ಬಾಲ್ ತಂಡದ ಬಟ್ಟೆ ಒಗೆದ ನನಗೆ ಬೀಳ್ಕೊಡುಗೆ ಏರ್ಪಡಿಸಿದ್ದೀರಿ. ಆಟಗಾರರು ನನ್ನನ್ನು ಸಾಬೂನಕ್ಕ ಎನ್ನುತ್ತಾರೆ. ಎರಡೇ ಮಾತಿನಲ್ಲಿ ಮುಗಿಸು ಎಂದಿದ್ದಾರೆ ಕಾರ್ಯದರ್ಶಿಗಳು. ಅವರ ಎರಡು ಮಾತು ಎಷ್ಟು ಉದ್ದವೆಂದು ಈಗಷ್ಟೇ ಕೇಳಿದ್ದೇವೆ.

ಆಟಗಾರನ ಮೇಲೆ ಆರೋಪ ಬಂದರೆ ತಂಡ ಏನು ಮಾಡಬೇಕು? ಸಾಬೀತಾಗುವವರೆಗೆ ಅವನು ನಮ್ಮವನೇ ಎಂದರು ಅಧ್ಯಕ್ಷರು, ಈಗ ತಾನೇ ಮಾಡಿದ ಭಾಷಣದಲ್ಲಿ. ಒಳ್ಳೆಯ ಮಾತು. ನಾನೂ ಚಪ್ಪಾಳೆ ತಟ್ಟಿದೆ.

ನಾಲ್ಕು ವರ್ಷದ ಹಿಂದೆ ಕ್ಯಾಪ್ಟನ್ನರ ವಾಚು ಕಾಣೆಯಾದಾಗ ಈ ಮಾತು ಎಲ್ಲಿತ್ತು? ಅನುಮಾನ ಎರಡನೇ ಗೋಲ್‌ಕೀಪರನ ಮೇಲೆ ಬಂತು. ಒಂದೇ ಗಂಟೆಯಲ್ಲಿ ಅವನ ಲಾಕರ್ ಖಾಲಿ. ಖಾಲಿ ಮಾಡಿದವಳು ನಾನೇ. "ಅಕ್ಕಾ, ನೀವಾದ್ರೂ ನಂಬಿ" ಎಂದ. ನಾನು ತಲೆ ಎತ್ತದೆ ಅವನ ಬೂಟುಗಳನ್ನು ಚೀಲಕ್ಕೆ ತುಂಬಿದೆ. ಒಗೆಯುವ ಮುಂಚೆ ಪ್ರತಿ ಜೇಬನ್ನೂ ತಿರುವಿ ನೋಡುವುದು ನನ್ನ ಪದ್ಧತಿ. ಅಂದು ಆ ಗಡಿಬಿಡಿಯಲ್ಲಿ ನೋಡಲಿಲ್ಲ. ಸಂಜೆ ಮೆಷಿನ್ ನಿಂತಾಗ ವಾಚು ಕ್ಯಾಪ್ಟನ್ನರದೇ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತು. "ಆಗಿದ್ದು ಆಯ್ತು ಬಿಡಮ್ಮ" ಎಂದರು ಅಧ್ಯಕ್ಷರು. ಗೋಲ್‌ಕೀಪರನನ್ನು ಯಾರೂ ವಾಪಸ್ಸು ಕರೆಯಲಿಲ್ಲ. ನಾನೂ ಹೋಗಿ ನೋಡಲಿಲ್ಲ. ಈಗಲೂ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಫೈನಲ್ ಮುಗಿದ ಮೇಲೆ ಕ್ಯಾಪ್ಟನ್ನರು ತನ್ನ ಮುಖಕ್ಕೆ ಹೊಡೆದರೆಂದು ಟಿಕೆಟ್ ಕೌಂಟರಿನ ಹೆಣ್ಣುಮಗಳು ದೂರು ಕೊಟ್ಟಳು. ಅವಳ ಹತ್ತಿರವೂ ಹೋಗಿಲ್ಲ ಎಂದರು ಕ್ಯಾಪ್ಟನ್ನರು. ಸಾಕ್ಷಿಯಿಲ್ಲದೆ ಕೇಸು ಈ ವಾರ ಮುಚ್ಚಿಹೋಗುವುದರಲ್ಲಿತ್ತು. ಈ ಸಲ ಲಾಕರ್ ಖಾಲಿ ಮಾಡು ಎಂದು ನನಗೆ ಯಾರೂ ಹೇಳಲಿಲ್ಲ. "ಕ್ಯಾಪ್ಟನ್ನರ ಆ ಜರ್ಸಿ ಎರಡು ಸಲ ಒಗಿ" ಎಂದಷ್ಟೇ ಹೇಳಿದರು. ಯಾರೆಂದು ಹೇಳುವುದಿಲ್ಲ, ವೇದಿಕೆಯ ಮೇಲೆ ಕುರ್ಚಿಗಳು ಕಡಿಮೆ ಇವೆ, ನೀವೇ ಊಹಿಸಿಬಿಡುತ್ತೀರಿ.

ಆರೋಪ ಬಂದವನನ್ನು ಬೀದಿಗೆ ತಳ್ಳಬೇಡಿ, ತಲೆಯ ಮೇಲೂ ಕೂರಿಸಿಕೊಳ್ಳಬೇಡಿ. ವಿಚಾರಣೆ ಮುಗಿಯುವ ತನಕ ಆಟದಿಂದ ಹೊರಗಿಡಿ, ಅನ್ನಕ್ಕೆ ಕಲ್ಲು ಹಾಕಬೇಡಿ. ಗೋಲು ಹೊಡೆಯುವವನಿಗೂ ಬೆಂಚು ಕಾಯುವವನಿಗೂ ಅದೇ ನಿಯಮ ಇರಲಿ.

ಈಗ ಫೈನಲ್ಲಿನ ಜರ್ಸಿಯನ್ನು ಗಾಜಿನ ಚೌಕಟ್ಟು ಹಾಕಿಸಿ ಕ್ಯಾಪ್ಟನ್ನರಿಗೆ ಕೊಡಲಿದ್ದೀರಿ. ಕ್ಷಮಿಸಿ, ಅದರೊಳಗಿರುವುದು ನಾನು ಅಂಗಡಿಯಿಂದ ತಂದುಕೊಟ್ಟ ಹೊಸದು. ಫೈನಲ್ಲಿನದನ್ನು ನಾನು ಒಗೆಯಲೇ ಇಲ್ಲ. ಕೆಲಸ ಹೋದೀತೆಂದು ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ನಿನ್ನೆಗೆ ಕೆಲಸ ತಾನಾಗಿಯೇ ಮುಗಿಯಿತು. ಇವತ್ತು ಬೆಳಿಗ್ಗೆ ತೋಳಿನ ರಕ್ತದ ಕಲೆಯ ಸಮೇತ ಅದನ್ನು ಪೊಲೀಸ್ ಠಾಣೆಗೆ ಕೊಟ್ಟು ಬಂದೆ. ರಕ್ತ ಯಾರದೆಂದು ಅವರು ನೋಡಲಿ. ಕ್ಯಾಪ್ಟನ್ನರದೇ ಆಗಿದ್ದರೆ ಇದೇ ವೇದಿಕೆಗೆ ಮತ್ತೆ ಬಂದು ಕ್ಷಮೆ ಕೇಳುತ್ತೇನೆ.

ನೀವು ಉಡುಗೊರೆಯಾಗಿ ಕೊಟ್ಟ ವಾಚಿಗೆ ಧನ್ಯವಾದ. ಇಲ್ಲಿಂದ ನೇರವಾಗಿ ಆ ಗೋಲ್‌ಕೀಪರನ ಮನೆಗೆ ಹೋಗುತ್ತೇನೆ. ಈಗಾಗಲೇ ನಾಲ್ಕು ವರ್ಷ ತಡವಾಗಿದೆ, ಆದ್ದರಿಂದ ಊಟಕ್ಕೆ ನಿಲ್ಲುವುದಿಲ್ಲ. ನಮಸ್ಕಾರ.